ಬಣ್ಣ ಹಾಕಿಸಿದ ಡಯಲ್

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಮುಂಗೈ ನೋಡುವ ಚಟ ನನ್ನದು. ಮಾನ್ವಿಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಹೇಳಿದರೆ ಅವರ ಹೆಸರು ನೆನಪಾಗುವುದಿಲ್ಲ. ಕೈಯಲ್ಲಿರುವ ಗಡಿಯಾರ ಯಾವ ಕಾಲದ್ದು, ಪಟ್ಟಿ ಬದಲಾಗಿದೆಯೇ, ಗಾಜು ಅಸಲಿಯೇ ಎಂಬುದು ಮಾತ್ರ ತಟ್ಟನೆ ಹೊಳೆಯುತ್ತದೆ. ಈ ಪಾಂಡಿತ್ಯದಿಂದ ಲೋಕಕ್ಕೇನು ಉಪಕಾರವೆಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಉಪಕಾರವಿಲ್ಲದಿದ್ದರೂ ಅಪಕಾರವಂತೂ ಇಲ್ಲವೆಂದು ಹೋದ ತಿಂಗಳವರೆಗೂ ಎದೆಯುಬ್ಬಿಸಿ ಹೇಳುತ್ತಿದ್ದೆ.

ಹಳೆಯ ಕೈಗಡಿಯಾರದ ಅಸಲಿತನವನ್ನು ಅರಿಯುವುದು ಹೇಗೆ ಅನ್ನುತ್ತೀರಾ? ಡಯಲ್ ಮೇಲಿನ ಅಕ್ಷರ ಸೊಟ್ಟಗಿದ್ದರೆ ಅನುಮಾನಿಸಬೇಕು ನಿಜ. ಆದರೆ ಹಿಂದಿನ ಮುಚ್ಚಳ ತೆಗೆದು ಮಷಿನ್ ನೋಡದೆ ತೀರ್ಪು ಕೊಡಬಾರದು. ಮಾಸಿದ ಡಯಲ್‌ಗೆ ಹೊಸ ಬಣ್ಣ ಹಾಕಿಸುವ ರೂಢಿ ನಮ್ಮಲ್ಲಿ ಬಹಳ. ಮುಖ ಹೊಸದಾದರೂ ಒಳಗಿನ ಜೀವ ಅಸಲಿಯೇ ಇರುತ್ತದೆ. ಅಸಲಿಯೆಂದು ನಾನೇ ದೇವದುರ್ಗದ ಸಂತೆಯಲ್ಲಿ ಚೌಕಾಸಿ ಮಾಡಿ ತಂದ ಕೀಲಿ ಗಡಿಯಾರದೊಳಗೆ ಬ್ಯಾಟರಿ ಸಿಕ್ಕ ದಿನ, ಮುಚ್ಚಳ ತೆಗೆದೇ ನೋಡಬೇಕೆಂಬ ಜ್ಞಾನೋದಯವಾಯಿತು. ಆಗ ನನಗೆ ನಲವತ್ತು ದಾಟಿತ್ತು. ಅಹಂಕಾರ ಮಾತ್ರ ಇಪ್ಪತ್ತೈದಕ್ಕೇ ಬಂದಿತ್ತು.

ಆ ಇಪ್ಪತ್ತೈದರ ವಯಸ್ಸಿನಲ್ಲಿ, ಗೆಳೆಯ ಅಮರೇಶನ ಮದುವೆಗೆಂದು ಬಾಗಲವಾಡಕ್ಕೆ ಹೋಗಿದ್ದೆ. ಹೆಣ್ಣಿನ ತಂದೆ ಕುರಿ ಕಾಯುವ ಮನುಷ್ಯ. ಎರಡು ಕುರಿ ಮಾರಿ ತಂದ ಸ್ವಿಸ್ ಗಡಿಯಾರವನ್ನು ಅಳಿಯನ ಕೈಗೆ ಕಟ್ಟಿದ. ನಾನು ಅಮರೇಶನ ಕೈಯೆಳೆದು, ಸೊಟ್ಟ ಅಕ್ಷರಗಳನ್ನಷ್ಟೇ ನೋಡಿ, ಹತ್ತು ಜನರಿಗೆ ಕೇಳಿಸುವಂತೆ, "ಲೇ, ಇದು ಡೂಪ್ಲಿಕೇಟ್ ಅದ! ನಿಮ್ಮ ಮಾವ ನಿಂಗ ಟೋಪಿ ಹಾಕ್ಯಾನ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ ಮದುಮಗಳು ಹುಲಿಗೆಮ್ಮ ತಲೆ ತಗ್ಗಿಸಿದಳು. ನಾನು ಹೊಟ್ಟೆ ತುಂಬ ಹುಗ್ಗಿ ಉಂಡು ಊರಿಗೆ ಬಂದೆ, ಮರೆತೂ ಬಿಟ್ಟೆ.

ಹೋದ ತಿಂಗಳು ಹುಲಿಗೆಮ್ಮ ಪೋತ್ನಾಳದಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಅಮರೇಶ ತೀರಿಕೊಂಡು ಆಗಲೇ ವರ್ಷವಾಗಿತ್ತು. ಸೆರಗಿನ ಗಂಟು ಬಿಚ್ಚಿ ಅದೇ ಗಡಿಯಾರವನ್ನು ನನ್ನ ಮುಂದಿಟ್ಟು, "ಟ್ರಂಕಿನ್ಯಾಗ ಸಿಕ್ತರಿ ಅಣ್ಣಾರ. ಇದು ಖರೇನೋ ಸುಳ್ಳೋ, ಸರಿಯಾಗಿ ನೋಡಿ ಹೇಳ್ರಿ" ಎಂದಳು.

ಕಣ್ಣಿಗೆ ಭೂತಗನ್ನಡಿ ಹಿಡಿದು ಮುಚ್ಚಳ ತೆಗೆದೆ. ಒಳಗೆ ಒಂದೂ ತುಂಡು ಬದಲಾಗಿರಲಿಲ್ಲ. ಮಷಿನ್ ಮೇಲಿನ ಮುದ್ರೆ, ಮುಚ್ಚಳದ ಮುದ್ರೆ ಎರಡೂ ಒಂದೇ. ಇಂಥದ್ದು ಈಗ ರಾಯಚೂರು ಪೂರ್ತಿ ಸುತ್ತಿದರೂ ಸಿಗುವುದು ಕಷ್ಟ. ಹಳೆಯ ತಪ್ಪನ್ನು ತಿದ್ದಿಕೊಳ್ಳುವ ಭಾಗ್ಯ ಬಂತಲ್ಲ ಎಂಬ ಖುಷಿಗೆ ಕೂಗಿಯೇ ಬಿಟ್ಟೆ: "ಅಪ್ಪಟ ಅಸಲಿ ಅದ ತಂಗೀ! ಡಯಲಿಗಷ್ಟ ಬಣ್ಣ ಹಾಕಿಸ್ಯಾರ. ಒಳ್ಳೆ ಬೆಲಿ ಬರ್ತದ."

ಅವಳು ನಗಲಿಲ್ಲ.

"ಅಪ್ಪನೂ ಹಂಗ ಅಂತಿದ್ದ. 'ಲಗ್ನಕ್ಕ ಹೊಸಾದು ಕಾಣ್ಲಿ ಅಂತ ಬಣ್ಣ ಹಾಕಿಸೀನಿ ಯವ್ವಾ, ವಾಚು ಖರೇನ ಅದ' ಅಂತ ಅತ್ತಿದ್ದ. ನಮ್ಮ ಮನಿಯವ್ರು ದಿನಾ ಹಂಗಿಸಿ ಹಂಗಿಸಿ, ನಾನೂ ಅಪ್ಪನ್ನ ನಂಬಲಿಲ್ಲ. ಮೋಸಗಾರ, ನನ್ನ ಹೊಸ್ತಿಲಾ ತುಳೀಬ್ಯಾಡ ಅಂದೆ. ಅವ ಸತ್ತಾಗ ಮಣ್ಣಿಗೂ ಹೋಗಲಿಲ್ಲರಿ ನಾ."

ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಪ್ಪಾಯಿತು ತಾಯಿ ಎಂದೆ. ಅದು ನನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಹುಲಿಗೆಮ್ಮ ಗಡಿಯಾರವನ್ನು ಎತ್ತಿಕೊಂಡು ಬಾಗಿಲತನಕ ಹೋದವಳು ನಿಂತು, ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದಳು:

"ಅವತ್ತ ಹತ್ತು ಮಂದ್ಯಾಗ ಸುಳ್ಳ ಹೇಳಿದ್ರಿ. ಇವತ್ತ ನಾ ಒಬ್ಬಾಕಿನ ಇದ್ದೆ. ಅದೇ ಸುಳ್ಳ ಇನ್ನೊಮ್ಮಿ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?"