ಹಿಂದುಮುಂದಾದ ನೈಟಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅಕ್ಕ ಅನ್ನುತ್ತಿದ್ದರು. ಬಟ್ಟೆ ಹೊಲಿಯುವವಳು ಅಂತ ಅರ್ಧ, ನಾಲಿಗೆಯೂ ಹಾಗೇ ಅಂತ ಇನ್ನರ್ಧ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ಪಾರ್ಶ್ವವಾಯು ಬಡಿದು ಅಮ್ಮನ ಬಲಗೈ, ಬಲಗಾಲು ಸೋತಿದ್ದವು. ಮಾತು ಮಾತ್ರ ಗಟ್ಟಿಯಾಗಿತ್ತು.

"ಹೆತ್ತಿದ್ದು ಇಬ್ಬರನ್ನ, ನೋಡ್ಕೊಳ್ಳೋಳು ನಾನೊಬ್ಬಳೇ," ಎಂದು ಬಂದವರ ಮುಂದೆಲ್ಲ ಅಕ್ಕ ಅಲವತ್ತುಕೊಳ್ಳುತ್ತಿದ್ದಳು. ಹಾಗಂತ ಬಸ್ ಓಡಿಸುವ ತಮ್ಮ ಕೈ ಹಚ್ಚಲು ಬಂದರೆ ಬಿಡುತ್ತಿದ್ದಳೇ? ಉಣಿಸಿದರೆ ಚೆಲ್ಲಿದ ಅಂತ, ತಲೆ ಬಾಚಿದರೆ ಎಳೆದ ಅಂತ. "ಅದು ಸ್ಟೇರಿಂಗ್ ಅಲ್ವೋ, ಅಮ್ಮನ ತಲೆ!" ಅವನು ಬಾಚಣಿಗೆ ಇಟ್ಟು ಎದ್ದು ಹೋಗುತ್ತಿದ್ದ. ಅವನು ಹೊಸ್ತಿಲು ದಾಟುತ್ತಲೇ ಅವಳ ಗೊಣಗಾಟ ಮತ್ತೆ ಶುರು. ಸಾಕ್ಷಾತ್ ದೇವರೇ ಬಂದು ಅಮ್ಮನ ಹೊದಿಕೆ ಮಡಚಿದ್ದರೂ ಮಡಿಕೆ ಸರಿಯಿಲ್ಲ ಅನ್ನುತ್ತಿದ್ದಳೇನೋ!

ಅಮ್ಮನಿಗಾಗಿ ತಾನೇ ಯೋಚಿಸಿ ಹೊಲಿದ ನೈಟಿಯೆಂದರೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಬೆನ್ನುದ್ದಕ್ಕೂ ಸೀಳು, ಸೀಳಿಗೆ ದೊಡ್ಡ ದೊಡ್ಡ ಟಿಚ್ ಬಟನ್. ಸೋತ ತೋಳನ್ನು ಮೇಲೆತ್ತಿ ನೋಯಿಸಬೇಕಿಲ್ಲ. ಮುಂದಿನಿಂದ ತೊಡಿಸಿ ಹಿಂದೆ ಟಕ್ ಟಕ್ ಎಂದು ಒತ್ತಿದರೆ ಆಯಿತು.

ಒಂದು ಬೆಳಿಗ್ಗೆ ಅಮ್ಮನನ್ನು ಎತ್ತಿ ಕೂರಿಸುವಾಗ ಅಕ್ಕನ ಸೊಂಟ ಹಿಡಿದುಕೊಂಡಿತು. "ಇನ್ನೊಂದು ಸಲ ಭಾರ ಎತ್ತಿದರೆ ನಿಮಗೂ ಪಕ್ಕದಲ್ಲೇ ಒಂದು ಮಂಚ ಹಾಕಿಸಿ," ಅಂದರು ಡಾಕ್ಟರು. ತಮ್ಮ ರಜೆ ಹಾಕಿ ಬಂದ. ಅಕ್ಕ ಚಾಪೆಯ ಮೇಲೆ ಬಿದ್ದುಕೊಂಡು ಮೈಯೆಲ್ಲ ಕಿವಿಯಾದಳು. ಇವನ ಕೈಯಲ್ಲಿ ಅಮ್ಮನಿಗೆ ಏನಾದರೂ ಆದೀತೆಂಬ ಭಯ ಒಂದು. ಏನೂ ಆಗದೆ ಅವನೇ ಚೆನ್ನಾಗಿ ನೋಡಿಕೊಂಡುಬಿಟ್ಟರೆ ತಾನಿನ್ನು ಯಾರಿಗೆ ಬೇಕು ಎಂಬ ಭಯ ಇನ್ನೊಂದು. ಸೊಂಟಕ್ಕಿಂತ ಜಾಸ್ತಿ ಇರಿಯುತ್ತಿದ್ದದ್ದು ಎರಡನೆಯದೇ.

ಒಳಗೆ ಅಮ್ಮನ ಮೈ ಒರೆಸಿದ ಸದ್ದಾಯಿತು. ಆಮೇಲೆ ಎಷ್ಟು ಹೊತ್ತಾದರೂ ಬಟನ್ನಿನ ಟಕ್ ಕೇಳಿಸಲಿಲ್ಲ. ತಡೆಯಲಾರದೆ ಅವಳು ಗೋಡೆ ಹಿಡಿದು ಎದ್ದು ಹೋದಳು. ನೋಡಿದರೆ, ನೈಟಿಯ ಸೀಳು ಅಮ್ಮನ ಎದೆಯ ಮೇಲೆ!

"ಅಯ್ಯೋ ನಿನ್ನ! ಹಿಂದು ಯಾವ್ದು ಮುಂದು ಯಾವ್ದು ಗೊತ್ತಾಗಲ್ವೇನೋ?"

"ಎಲ್ಲರ ಅಂಗಿಗೂ ಬಟನ್ ಮುಂದೇ ಅಲ್ವಾ ಅಕ್ಕಾ?" ಅಂದ ತಮ್ಮ, ಪಾಪ.

"ಬಿಚ್ಚು, ಬಿಚ್ಚು. ನಾನೇ ಹಾಕ್ತೀನಿ, ಸರಿ ಆ ಕಡೆ."

"ಸುಮ್ನಿರೇ ನೀನು," ಅಂದಳು ಅಮ್ಮ.

ಅಮ್ಮನ ಎಡಗೈ ಹೊಟ್ಟೆಯ ಮೇಲೆ ತಡಕಾಡುತ್ತಿತ್ತು. ಸೀಳಿನ ಎರಡು ಅಂಚು ಕೂಡಿಸಿ ಬಟನ್ನನ್ನು ಹೊಟ್ಟೆಗೇ ಒತ್ತಿದಳು. ಜಾರಿತು. ಮತ್ತೆ ಒತ್ತಿದಳು. ಟಕ್! ಅಮ್ಮನ ಮುಖದಲ್ಲಿ ಅಂಥ ಗೆಲುವನ್ನು ಅಕ್ಕ ಕಂಡು ಎಷ್ಟೋ ಕಾಲವಾಗಿತ್ತು.

"ಮುಂದೆ ಬೇಕು ಅಂತ ಒಂದು ಮಾತು ಹೇಳೋದಲ್ವಾ ಅಮ್ಮಾ?"

"ನೀನು ಕೇಳಿದ್ಯಾ? ಕತ್ತು ಅಳೆದೆ, ಭುಜ ಅಳೆದೆ. ಉಳಿದಿರೋ ಈ ಕೈಗೆ ಏನು ಬರುತ್ತೆ ಅಂತ ಕೇಳಲೇ ಇಲ್ಲ. ನನ್ನ ನೋಡ್ಕೊಳ್ಳೋದಕ್ಕೆ ಅಕ್ಕ ತಮ್ಮ ದಿನಾ ಕಿತ್ತಾಡ್ತೀರಿ. ನನಗೂ ಒಂದು ಪಾಲು ಬಿಡ್ರೋ."

ಅಕ್ಕನಿಗೆ ನಾಚಿಕೆಯಾಯಿತು. ಊರವರನ್ನೆಲ್ಲ ಹೇಗೆ ಬೇಕು, ಎಲ್ಲಿ ಬೇಕು ಎಂದು ಕೇಳಿ ಕೇಳಿ ಹೊಲಿಯುವವಳು, ಹೆತ್ತವಳನ್ನು ಕೇಳಿರಲಿಲ್ಲ.

ಅಮ್ಮ ಒಂದೊಂದೇ ಬಟನ್ ಹಾಕುತ್ತಾ ಮೇಲೆ ಬಂದಳು. ಅಕ್ಕನ ಬೆರಳುಗಳು ಚಡಪಡಿಸಿದವು. ಸ್ಟೂಲು ಎಳೆದು ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. "ಹೋಗಿ ಟೀ ಮಾಡೋ," ಎಂದಳು ತಮ್ಮನಿಗೆ. ಹೇಗೆ ಮಾಡಬೇಕೆಂದು ಹೇಳಲಿಲ್ಲ.

ಟೀ ಬರುವ ಹೊತ್ತಿಗೆ ಕೊನೆಯ ಟಕ್ ಕೇಳಿಸಿತು. ನಡುವೆ ಎಲ್ಲೋ ಒಂದು ಬಟನ್ ತಪ್ಪಿ, ನೈಟಿಯ ಕೊರಳು ಒಂದು ಪಕ್ಕಕ್ಕೆ ಏರಿ ನಿಂತಿತ್ತು. ಒಂದೆಳೆ ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವ ಕತ್ತರಿ ಅಕ್ಕ ಅದನ್ನು ನೋಡಿದಳು.

"ಚೆನ್ನಾಗಿ ಕೂತಿದೆ ಅಮ್ಮಾ," ಅಂದಳು.