ಕೆಂಪು ವೈರು

"ಯಾವ್ ಪುಣ್ಯಾತ್ಮ ಕೈ ಆಕವ್ನೋ ಸಾ!"

ಕೊಳ್ಳೇಗಾಲದ ನಮ್ಮ ಕಾರ್ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಅಡಿ ತಲೆ ತೂರಿಸಿದೊಡನೆ ಅವರ ಬಾಯಿಂದ ಬರುತ್ತಿದ್ದ ಮಾತು ಇದು. ಇಂಜಿನ್ನಿನ ಕಂಪ್ಯೂಟರಿಗೆ ಹೋಗುವ ವೈರುಗಳಿಗೆ ಕಂಪನಿಯವರು ಬೇರೆ ಬೇರೆ ಬಣ್ಣ ಕೊಟ್ಟಿದ್ದರೂ, ಹಿಂದೆ ರಿಪೇರಿ ಮಾಡಿದವರು ತುಂಡಾದದ್ದಕ್ಕೆಲ್ಲ ಕೆಂಪನ್ನೇ ಜೋಡಿಸಿರುತ್ತಿದ್ದರು. ಯಾವುದು ಯಾವ ಪಿನ್ನಿಗೆಂದು ಇವರು ಮೀಟರ್ ಮುಟ್ಟಿಸಿ ಮುಟ್ಟಿಸಿ ಹುಡುಕಬೇಕಿತ್ತು. ಸೊಂಟ ಹಿಡಿದುಕೊಂಡು ಏಳುವರು, ಟೀ ಕುಡಿಯುವರು, ಮತ್ತೆ ತೂರುವರು.

ನಾನು ಕೊಂಡ ಹಳೇ ಕಾರಿನಲ್ಲೂ ಹಾಗೇ ಬೈಯುತ್ತ ಟೇಪು ಸುಲಿದರು. ಒಳಗೆ ಕೆಂಪು ವೈರಿನ ಜಾಯಿಂಟಿನ ಮೇಲೆ ರೇಷ್ಮೆ ನೂಲು ಬಿಗಿದಿತ್ತು. ಊರಲ್ಲಿ ಹಾಗೆ ನೂಲು ಸುತ್ತುತ್ತಿದ್ದವರು ಅವರೊಬ್ಬರೇ.

"ನನ್ ಕೈಯೇ ಕಣ್ ಸಾ," ಎಂದರು.

ಆಮೇಲೆ ಅದನ್ನು ಕತ್ತರಿಸಿ, ಅಂಗಡಿಯೊಳಗಿಂದ ಹೊಸ ವೈರು ತಂದರು. ಅಂದೂ ಇದ್ದದ್ದು ಕೆಂಪೊಂದೇ.