ಹೆಪ್ಪು ಬಿದ್ದಿದ್ದ ನೀರು

ಮೀನಿನ ತೊಟ್ಟಿ ಬೇಕೆಂದು ಆಸೆಪಟ್ಟವಳು ನಾನೇ. ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಟಿ.ವಿ. ಕೆಟ್ಟುಹೋಗಿ ಅದರ ಕಟ್ಟೆ ಖಾಲಿ ಬಿದ್ದಿತ್ತು. ರಾಣೆಬೆನ್ನೂರಿಗೆ ಜವಳಿ ತರಲು ಹೋದಾಗ ಒಂದು ಅಂಗಡಿಯಲ್ಲಿ ನೀರೊಳಗೇ ಬೆಳೆದ ಹಸಿರು ತೋಟ ಕಂಡೆ. ಮೀನಿಗಿಂತ ಆ ಗಿಡಗಳೇ ನನಗೆ ಹಿಡಿಸಿದವು. ಮುಂದಿನ ವಾರ ಹೋಗಿ, ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ.

"ನಮಗ ಕುಡಿಯಾಕ ನೀರಿಲ್ಲ, ಈಕಿ ಮೀನಿಗೆ ಅರಮನಿ ಕಟ್ಟಾಕತ್ತಾಳ," ಎಂದು ನಾಲ್ಕು ಮನೆಗೆ ಕೇಳುವಂತೆ ಅಂದರು. "ತಿನ್ನೋದಿಲ್ಲ, ಮಾರೋದಿಲ್ಲ. ಮತ್ತ ಯಾಕವಾ ಅವು?"

"ನೋಡಾಕ್ರಿ, ಅತ್ತಿ."

"ನೋಡಾಕ ನಾ ಇಲ್ಲೇನು?"

ಅಂಗಡಿಯವರು ಹೇಳಿದ ಪ್ರಕಾರ ತಳಕ್ಕೆ ಮಣ್ಣು, ಅದರ ಮೇಲೆ ಮರಳು. ಹೊಲದ ಕಪ್ಪು ಎರಿ ಮಣ್ಣು ಬೇಡ, ನೀರು ರಾಡಿಯಾಗುತ್ತದೆ ಎಂದಿದ್ದರು. ಕೆಮ್ಮಣ್ಣು ತರಿಸಿ ಅಂಗಳದಲ್ಲಿ ಹರವಿದೆ. ನಾನು ಕೈಯಿಂದ ಹೆಂಟೆ ಒಡೆಯುತ್ತಿದ್ದುದನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲ. ಹಳೆಯ ಸಾಣಿಗೆ ತಂದು ಕುಳಿತು, ರೊಟ್ಟಿಯ ಹಿಟ್ಟು ಸಾಣಿಸಿದ ಹಾಗೆ ಸಾಣಿಸಿಕೊಟ್ಟರು. ಮರಳನ್ನು ನಾನು ಅಕ್ಕಿ ತೊಳೆದಂತೆ ತೊಳೆದೆ. ಹುಲ್ಲಿನಂಥ ಉದ್ದೆಲೆಯ ಗಿಡಗಳನ್ನು ಹಿಂದೆ, ಕುಳ್ಳಗಿನವನ್ನು ಮುಂದೆ ಊರಿದೆ. ಮಣ್ಣು ಕದಡಬಾರದೆಂದು ಒಂದು ತಟ್ಟೆ ಇಟ್ಟು ಅದರ ಮೇಲೆ ಸಣ್ಣಗೆ ನೀರು ಬಿಟ್ಟೆ.

ಮೀನು ಮಾತ್ರ ಬಿಡುವಂತಿರಲಿಲ್ಲ. ಹೊಸ ನೀರಿನಲ್ಲಿ ಮೀನಿನ ಹೊಲಸು ಮೀನಿಗೇ ವಿಷವಾಗುತ್ತದೆ. ಅದನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಗಳು ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ತಿಂಗಳಾದರೂ ಬೇಕು. ಆಮೇಲೂ ನೀರನ್ನು ಪೂರ್ತಿ ಚೆಲ್ಲಬಾರದು, ಸ್ವಲ್ಪ ತೆಗೆದು ಸ್ವಲ್ಪ ಹಾಕಬೇಕು. ಇದನ್ನೆಲ್ಲ ಅತ್ತೆಗೆ ಹೇಗೆ ತಿಳಿಸಲಿ ಎಂದು ನಾನು ತಡವರಿಸುತ್ತಿದ್ದರೆ ಅವರೇ ಅಂದರು: "ಅಂದ್ರ ಹೆಪ್ಪು ಬೀಳಬೇಕು ಅನ್ನು. ಮುಂದ ಒಂದೀಟು ಉಳಿಸಿಕೋತ ಹೋಗಬೇಕು. ಇಷ್ಟ ಹೌದಲ್ಲ?"

ಅಷ್ಟೇ ಹೌದು. ಮೊಸರಿಗೆ ಹೆಪ್ಪು ಹಾಕುವುದರಲ್ಲಿ ಅವರದೇ ಕೈ. ನಮ್ಮ ಗಡಿಗೆಯ ಹೆಪ್ಪು ಓಣಿಯ ಎಲ್ಲ ಮನೆಗೂ ಹೋಗುತ್ತಿತ್ತು.

ಆ ತಿಂಗಳು ನಾವಿಬ್ಬರೂ ಮೀನಿಲ್ಲದ ತೊಟ್ಟಿಯ ಮುಂದೆ ಕುಳಿತು ಕಳೆದೆವು. ಊರಿದ ಗಿಡಗಳ ಎಲೆ ಕೊಳೆತು ಕರಗತೊಡಗಿದಾಗ ನನಗೆ ಅಳುವೇ ಬಂತು. "ಮೆಣಸಿನ ಅಗಿ ಹಚ್ಚಿದಾಗ ನೋಡಿಲ್ಲೇನು? ಮೊದಲ ಸೊರಗತಾವು. ಬೇರು ಹಿಡಿಯೂತನಕ ಎಲಿ ಕಡೆ ನೋಡಬಾರದು," ಅಂದರು. ಮದುವೆಯಾಗಿ ಬಂದಾಗಿನಿಂದ ನಮ್ಮ ನಡುವೆ ಮಾತೆಂದರೆ ಅಡಿಗೆಯದು, ನೀರಿನದು. ಆ ಖಾಲಿ ನೀರಿನ ಮುಂದೆ ಅತ್ತೆ ತಮ್ಮ ತವರಿನ ಬಾವಿಯ ಸುದ್ದಿ ಹೇಳಿದರು, ಎಳವೆಯಲ್ಲೇ ತೀರಿಹೋದ ಮಗಳ ಸುದ್ದಿ ಹೇಳಿದರು. ಅಂಥ ಮಗಳೊಬ್ಬಳಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯವರು ಕೆಲಸದಿಂದ ಬಂದು ನಗುತ್ತಿದ್ದರು. "ಬರೇ ನೀರು ನೋಡಿಕೋತ ಕುಂತೀರಲ್ಲಬೇ, ತಲಿ ನೆಟ್ಟಗೈತೇನು ಇಬ್ಬರದೂ?"

"ನಿನ್ನ ಮಾರಿ ನೋಡೋದಕ್ಕಿಂತ ಇದು ಚಲೋ ಐತಿ," ಎನ್ನುವರು ಅವರ ತಾಯಿ.

ಹೊಸ ಎಲೆ ಚಿಗುರಿದ ಮೇಲೆ ಬಣ್ಣದ ಬಾಲದ ಗಪ್ಪಿ ಮೀನುಗಳನ್ನು ಬಿಟ್ಟೆವು. ಕಾಳು ಹಾಕುವ ಹಕ್ಕು ಅತ್ತೆಯದಾಯಿತು. ಒಂದೇ ಚಿಟಿಕೆ, ಉಪ್ಪು ಉದುರಿಸಿದಂತೆ. ಮುಂದೆ ಅವರಿಗೆ ಉಬ್ಬಸ ಹೆಚ್ಚಿ ಮಲಗುವಂತಾದಾಗ ಮಂಚವನ್ನೇ ತೊಟ್ಟಿಯ ಎದುರಿಗೆ ತಂದೆವು. ಹಾವೇರಿಯ ದವಾಖಾನೆಗೆ ಸೇರಿಸಿದ ಮೇಲೂ ಕೇಳಿದ್ದು ಅದನ್ನೇ: "ನಳ ಬಂದಾವೇನವಾ? ಮೀನಿಂದು ಪೂರಾ ತಗೀಬ್ಯಾಡ ಮತ್ತ."

ಅಲ್ಲಿಂದ ಅವರನ್ನು ತಂದದ್ದು ಆಂಬುಲೆನ್ಸಿನಲ್ಲಿ, ಮುಖ ಮುಚ್ಚಿ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಹಿಡಿದಿಟ್ಟ ನೀರು ಉಳಿಯಬಾರದು. ಕೊಡ, ಹಂಡೆ, ಬ್ಯಾರಲ್ಲು ಎಲ್ಲ ಚೆಲ್ಲಿ, ತೊಳೆದು, ಬೋರಲು ಹಾಕಬೇಕು. ಹಾಲು, ಮೊಸರು, ಹೆಪ್ಪು ಕೂಡ ಹೊರಗೆ. ಗಂಡಸರು ಹೆಣ ಹೊತ್ತು ಹೋದ ಮೇಲೆ ಕದರಮಂಡಲಗಿಯಿಂದ ಬಂದಿದ್ದ ಅತ್ತೆಯ ತಂಗಿ ಸೀರೆ ಎತ್ತಿ ಕಟ್ಟಿದರು. ಅವರ ಕಣ್ಣು ತೊಟ್ಟಿಯ ಮೇಲೆ ಬಿತ್ತು.

"ಸಣ್ಣತ್ತಿ, ಅದೊಂದು ಇರಲಿರಿ," ಅಂದೆ. "ಪೂರಾ ತಗೀಬ್ಯಾಡ ಅಂತ ಅತ್ತೀನ ಹೇಳ್ಯಾರ್ರಿ."

"ಅದು ಇದ್ದಾಗಿನ ಮಾತವಾ. ನಿಮ್ಮ ಮಾವ ಹೋದಾಗ ಬಚ್ಚಲದಾಗ ಹುಗದಿದ್ದ ಹಂಡೇನೂ ಬಿಡಲಿಲ್ಲ ಅಕಿ. ಇವತ್ತ ನಾ ಒಂದು ಹನಿ ಬಿಟ್ರ, ಅಕ್ಕ ನನ್ನ ಸುಮ್ಮನ ಬಿಡ್ತಾಳೇನು?"

ಅದೂ ಖರೆ. ಆ ಹಂಡೆಯನ್ನು ಅತ್ತೆ ಚೊಂಬಿನಿಂದ ತೋಡಿ ತೋಡಿ ಬರಿದು ಮಾಡಿದ್ದನ್ನು ನಾನೇ ನೋಡಿದ್ದೆ. "ನಾ ಜಳಕಾ ಮಾಡಿ ಬರ್ತೇನ್ರಿ, ಅಲ್ಲೀತನಕ ಮುಟ್ಟಬ್ಯಾಡ್ರಿ," ಎಂದು ಬೇಡಿಕೊಂಡು ಬಚ್ಚಲಿಗೆ ಹೋದೆ.

ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಮ್ಮಣ್ಣಿನ ನೀರು ಅಂಗಳ ದಾಟಿ ಗಟಾರಕ್ಕೆ ಹರಿಯುತ್ತಿತ್ತು. ಗಿಡಗಳನ್ನು ಬೇರಿನ ಸಮೇತ ಕಿತ್ತು, ಮೆಂತ್ಯೆಪಲ್ಯೆ ತೊಳೆದಿಟ್ಟಂತೆ ಬುಟ್ಟಿಯಲ್ಲಿ ಇಟ್ಟಿದ್ದರು. ಮರಳು ತೊಳೆದು ಬೆಳ್ಳಗಾಗಿತ್ತು. ಫಿಲ್ಟರಿನ ಸ್ಪಂಜನ್ನು ಸಬಕಾರ ಹಚ್ಚಿ ಹಿಂಡಿ ಹಗ್ಗಕ್ಕೆ ಹಾಕಿದ್ದರು. ಸಣ್ಣತ್ತೆ ಅಳುತ್ತಲೇ ಗಾಜು ಉಜ್ಜುತ್ತಿದ್ದರು, ಅಕ್ಕನಿಗೇ ಜಳಕ ಮಾಡಿಸುತ್ತಿರುವ ಹಾಗೆ.

"ಮೀನಿಗೆ ಮಗ್ಗಲಮನಿಯಿಂದ ಹೊಸಾ ನೀರು ತಂದು ಹಾಕೇನವಾ," ಎಂದರು ಬಕೆಟ್ಟು ತೋರಿಸಿ. "ಅಕ್ಕ ಜೀವ ಇಟ್ಟು ಸಾಕಿದ್ದವು. ಹೊಲಸ ನೀರಾಗ ಯಾಕಿರಬೇಕು?"

ಬಕೆಟ್ಟಿನಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ದವಾಖಾನೆಯಲ್ಲಿ ಅತ್ತೆ ಉಸಿರಿಗಾಗಿ ಬಾಯಿ ತೆರೆಯುತ್ತಿದ್ದದ್ದು ನೆನಪಾಗಿ ನಾನು ಅಲ್ಲಿ ನಿಲ್ಲಲಿಲ್ಲ. ಮಾತಾಡಿಸಲು ಬಂದವರು ಪಡಸಾಲೆಯಲ್ಲಿ ಕುಳಿತಿರುವಾಗಲೇ, ಆ ದಿನ ಕೆಲವು, ಮರುದಿನ ಉಳಿದವೆಲ್ಲ ತೇಲಿದವು. ಯಾರಿಗೂ ಕಾಣದಂತೆ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕಿ ಬಂದೆ.

ಸಾವಿನ ಬಳಿಕ ಮೊದಲ ಸಲ ಹಾಲು ಕಾಯಿಸಿದ ಸಂಜೆ ಮಗ್ಗಲಮನೆಯಾಕೆ ಸಣ್ಣ ಬಟ್ಟಲಲ್ಲಿ ಹೆಪ್ಪು ತಂದುಕೊಟ್ಟರು. "ಇದು ನಿಮ್ಮತ್ತೀದ ಐತ್ರೀ. ಹ್ವಾದ ತಿಂಗಳ ನಾ ಒಯ್ದಿದ್ದೆ." ಮರುದಿನ ಬೆಳಿಗ್ಗೆ ಮೊಸರು ಎಂದಿನಂತೆ ಗಟ್ಟಿಯಾಗಿತ್ತು. ಉಂಡೆವು, ರುಚಿಯೂ ಅದೇ.

"ರಾಣೆಬೆನ್ನೂರಿಗೆ ಹೋಗಿ ಮತ್ತ ಎಲ್ಲಾ ತರೂಣೇನು?" ಎಂದು ನಮ್ಮ ಮನೆಯವರು ಕೇಳಿದರು. ನೋಡೋಣ ಎಂದೆ. ಓಣಿಯಲ್ಲಿ ತೊಟ್ಟಿ ಇದ್ದದ್ದು ನಮ್ಮ ಮನೆಯಲ್ಲೊಂದೇ. ಆ ನೀರನ್ನು ಯಾರೂ ಒಯ್ದಿರಲಿಲ್ಲ.

ದಿವಸದ ಕಾರ್ಯ ಮುಗಿದು ನಳ ಬಂದಾಗ ಕೊಡಗಳನ್ನೆಲ್ಲ ಎತ್ತಿ ತುಂಬಿದೆ. ತೊಟ್ಟಿ ಮಾತ್ರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೋರಲಾಗಿಯೇ ಇದೆ. ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದೇನೆ. ಮೊನ್ನೆ ಸಣ್ಣತ್ತೆಯ ಫೋನು ಬಂದಿತ್ತು. ಅಕ್ಕ ಕನಸಿನಲ್ಲಿ ಬಂದಿದ್ದಳೆಂದು ಅತ್ತರು. ಆಮೇಲೆ ಮೂಗು ಸೀಟಿಕೊಂಡು ಕೇಳಿದರು: "ಮೀನು ಹ್ಯಾಂಗದಾವವಾ? ಹೊಸಾ ನೀರು ಹಿಡಿಸೇತಲ್ಲ ಅವಕ್ಕ?"

"ಹೂಂರಿ, ಸಣ್ಣತ್ತಿ," ಅಂದೆ. "ಆರಾಮದಾವು."